ಕೊಂಬೂದುವವರೂ ಅವರ ಜೊತೆಗಾರರೂ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ವೃತ್ತಿಜೀವನದಲ್ಲಿ ಯಶಸ್ಸು’. ಸಾಫ್ಟ್‌ವೇರಿನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ, ಇಂಟರ್‌ವ್ಯೂ ಬಗ್ಗೆ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಮಧ್ಯಾಹ್ನದ ಗೋಷ್ಠಿಯಲ್ಲಿದ್ದಾರೆ. ನಾನು ಬೇರೊಂದು ವೃತ್ತಿಯವರ ಕಥೆ ಹೇಳುತ್ತೇನೆ. ಯೂರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಹಾರ್ನ್ ಎಂಬ ವಾದ್ಯವಿದೆ. ಬಸ್ಸಿನ ಹಾರ್ನ್ ಅಲ್ಲ ಮಕ್ಕಳೇ, ನಮ್ಮ ಜಾತ್ರೆಯ ಕೊಂಬಿನ ದೂರದ ನೆಂಟ ಅಂದುಕೊಳ್ಳಿ. ಅದನ್ನು ಊದಿ ಜೀವನ ಮಾಡಿದ ಕೆಲವರ ಕಥೆ, ಮತ್ತು ಅವರಿಗೆ ಜೊತೆಯಾದವರ ಕಥೆ.

ನಾನು ಸಂಗೀತ ಕಲಿತವನಲ್ಲ. ಕೋಡ್ ಬರೆಯುವಾಗ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಈ ವಾದ್ಯಕ್ಕೆ ಮನಸೋತವನು. ಅದನ್ನು ಊದಿದವರ ಜೀವನಗಳನ್ನು ಓದುತ್ತಾ ಹೋದಾಗ ಒಂದು ಸಂಗತಿ ಮತ್ತೆ ಮತ್ತೆ ಕಂಡಿತು. ಇವರಲ್ಲಿ ಯಾರೂ ಒಬ್ಬರೇ ಮೇಲೆ ಬಂದವರಲ್ಲ. ಪ್ರತಿಯೊಬ್ಬರ ಪಕ್ಕದಲ್ಲೂ ಇನ್ನೊಬ್ಬ ಮನುಷ್ಯ ನಿಂತಿದ್ದಾನೆ. ಈ ಮಾತು ನಮ್ಮ ಶಾಲೆಗೆ ಇವತ್ತು ಬೇಕು ಅನ್ನಿಸಿದ್ದರಿಂದ ಈ ಕಥೆ ಆರಿಸಿಕೊಂಡೆ.

ಮೊದಲು ವಾದ್ಯದ ಪರಿಚಯ. ತೋಟಕ್ಕೆ ನೀರು ಬಿಡುವ ಪೈಪು ಒಂದಿಷ್ಟು ಕತ್ತರಿಸಿಕೊಳ್ಳಿ. ಒಂದು ತುದಿಗೆ ಎಣ್ಣೆ ಸುರಿಯುವ ಲಾಳಿಕೆ ಸಿಕ್ಕಿಸಿ. ಇನ್ನೊಂದು ತುದಿಗೆ ತುಟಿ ಒತ್ತಿ, ತುಟಿ ಅದುರುವಂತೆ ಊದಿ. ಹಾರ್ನ್ ತಯಾರಾಯಿತು. ತಮಾಷೆಗೆ ಹೇಳುತ್ತಿಲ್ಲ, ಇಂಗ್ಲೆಂಡಿನ ಬಹು ದೊಡ್ಡ ಹಾರ್ನ್ ವಾದಕ ಡೆನಿಸ್ ಬ್ರೇನ್ 1956ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ, ಒಂದು ಹಾಸ್ಯ ಸಂಗೀತೋತ್ಸವದಲ್ಲಿ, ನೀರಿನ ಪೈಪಿನಲ್ಲೇ ಹಳೆಯ ಸಂಗೀತ ನುಡಿಸಿ ಜನರನ್ನು ನಗಿಸಿದ್ದ. ನಿಜವಾದ ಹಾರ್ನ್ ಹಿತ್ತಾಳೆಯದು. ಅದರ ಸುರುಳಿ ಬಿಚ್ಚಿದರೆ ಸುಮಾರು 12 ಅಡಿ ಉದ್ದದ ಕೊಳವೆ. ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಊದುವವನ ಬಲಗೈ ಆ ಬಾಯೊಳಗೆ ಇರುತ್ತದೆ.

ಇದನ್ನು ಊದುವುದು ಯಾಕೆ ಕಷ್ಟ? ವಿಜ್ಞಾನದ ಮೇಷ್ಟ್ರು ಇಲ್ಲೇ ಇದ್ದಾರೆ, ತಪ್ಪಿದರೆ ತಿದ್ದಲಿ. ಒಂದೇ ಉದ್ದದ ಕೊಳವೆಯಿಂದ ಬೇಕಾದ ಸ್ವರವೆಲ್ಲ ಬರುವುದಿಲ್ಲ. ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ ಮಗ್ಗಿಯಂತೆ ಬರುವ ಸ್ವರಗಳು ಮಾತ್ರ ಸಿಗುತ್ತವೆ. ಕೆಳಗೆ ಅವು ದೂರ ದೂರ ಇರುತ್ತವೆ: ಒಂದಕ್ಕೂ ಎರಡಕ್ಕೂ ನಡುವೆ ಕೆಳಗಿನ ‘ಸ’ದಿಂದ ಮೇಲಿನ ‘ಸ’ದಷ್ಟು ಅಂತರ. ಮೇಲೆ ಹೋದಂತೆ ಹತ್ತಿರವಾಗುತ್ತವೆ: ಎಂಟಕ್ಕೂ ಒಂಬತ್ತಕ್ಕೂ ನಡುವೆ ‘ಸ’ದಿಂದ ‘ರಿ’ಯಷ್ಟೇ. ತುಟಿಯ ಬಿಗಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕದ ಸ್ವರ ಬಿದ್ದುಬಿಡುತ್ತದೆ. ಅರವತ್ತು ಎಪ್ಪತ್ತು ಜನರ ವಾದ್ಯವೃಂದದಲ್ಲಿ ಹಿಂದೆ ಕುಳಿತ ಈ ಮನುಷ್ಯ ಸರಿಯಾಗಿ ಊದಿದರೆ ಯಾರೂ ಗಮನಿಸುವುದಿಲ್ಲ. ಒಂದು ಸ್ವರ ಒಡೆದರೆ ಸಭೆಯೆಲ್ಲ ತಿರುಗಿ ನೋಡುತ್ತದೆ. ಇಂಥ ವೃತ್ತಿ ಇದು.

ಇನ್ನೊಂದು ಮಾತು. ನಮ್ಮಲ್ಲಿ ಹಾಡುವವರು ರಾಗವನ್ನು ಅಲ್ಲೇ ಬೆಳೆಸುತ್ತಾರೆ. ಅಲ್ಲಿ ಹಾಗಲ್ಲ. ಸಂಗೀತ ರಚಿಸುವವನು ಒಬ್ಬ, ಬರೆದದ್ದನ್ನು ನುಡಿಸುವವನು ಇನ್ನೊಬ್ಬ. ರಚಿಸುವವನು ಹಾರ್ನ್‌ಗೆಂದು ಬರೆಯದಿದ್ದರೆ, ಎಷ್ಟೇ ಗಟ್ಟಿಗನಾದರೂ ಅವನು ಹಿಂದಿನ ಸಾಲಿನಲ್ಲೇ ಉಳಿಯುತ್ತಾನೆ. ಆದ್ದರಿಂದ ಅವನ ಬದುಕು ಜೊತೆಗಾರನನ್ನು ಅವಲಂಬಿಸಿದೆ.

ಮೊದಲ ಜೋಡಿ. ಆಸ್ಟ್ರಿಯಾದ ಯೋಸೆಫ್ ಲಾಯ್ಟ್‌ಗೆಬ್, ಹುಟ್ಟಿದ್ದು 1732ರಲ್ಲಿ. ಸಾಲ್ಜ್‌ಬರ್ಗ್‌ನ ಆಸ್ಥಾನದಲ್ಲಿ ಹಾರ್ನ್ ಊದುತ್ತಿದ್ದ, ಪ್ಯಾರಿಸ್ಸಿನವರೆಗೂ ಹೋಗಿ ಹೆಸರು ಮಾಡಿದ್ದ. ಅದೇ ಊರಿನ ಮೊಜಾರ್ಟ್ ಅವನಿಗಿಂತ 24 ವರ್ಷ ಚಿಕ್ಕವನು, ಅವನ ಕಣ್ಣೆದುರೇ ಬೆಳೆದ ಹುಡುಗ. ಲಾಯ್ಟ್‌ಗೆಬ್ ವಿಯೆನ್ನಾಕ್ಕೆ ಹೋಗಿ ನೆಲೆಸಲು ಮೊಜಾರ್ಟ್‌ನ ತಂದೆಯ ಬಳಿ ಸಾಲ ಮಾಡಿದ್ದ. ತೀರಿಸುವುದು ತಡವಾಯಿತು. 1782ರಲ್ಲಿ ಮಗ ತಂದೆಗೆ ಪತ್ರ ಬರೆದು, ಪಾಪ, ಅವನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಇರಲಿ ಎಂದು ಕೇಳಿಕೊಂಡ. ಹಾಗೆ ಕೇಳಿ ಸುಮ್ಮನಾಗಲಿಲ್ಲ, ಅವನಿಗಾಗಿ ಒಂದರ ಮೇಲೊಂದು ಕೃತಿ ಬರೆದ. 1783ರ ಹಸ್ತಪ್ರತಿಯ ಮೇಲೆ, ಈ ಕತ್ತೆ, ಎತ್ತು, ಪೆದ್ದನ ಮೇಲೆ ಕನಿಕರಪಟ್ಟು ಬರೆದೆ ಎಂದು ತಮಾಷೆಯ ಟಿಪ್ಪಣಿ ಇದೆ. 1786ರ ಹಸ್ತಪ್ರತಿಯನ್ನು ಕೆಂಪು, ಹಸಿರು, ನೀಲಿ, ಕಪ್ಪು ಶಾಯಿಗಳಲ್ಲಿ ಬರೆದಿದ್ದಾನೆ. ನಮ್ಮೂರ ಕಟ್ಟೆಯ ಮೇಲೆ ಗೆಳೆಯರು ಕಾಲೆಳೆಯುವ ಹಾಗೆಯೇ.

ಆದರೆ ತಮಾಷೆಯ ಕೆಳಗೆ ಇರುವುದನ್ನು ನೋಡಿ. 1791ರಲ್ಲಿ ಮೊಜಾರ್ಟ್ ಅವನಿಗಾಗಿ ಬರೆದ ಕೊನೆಯ ಕೃತಿಯಲ್ಲಿ ತೀರಾ ಎತ್ತರದ ಸ್ವರವಿಲ್ಲ, ತೀರಾ ಕೆಳಗಿನದೂ ಇಲ್ಲ. ಆಗ ಲಾಯ್ಟ್‌ಗೆಬ್ ಅರವತ್ತರ ಹತ್ತಿರದವನು. ತುಟಿಯ ಶಕ್ತಿ ಕುಗ್ಗಿದ ಗೆಳೆಯನಿಗೆ ಆಗುವಷ್ಟರೊಳಗೇ ಚೆಂದ ಕಟ್ಟಲು ಹೊರಟಿದ್ದ. ಅದು ಮುಗಿಯುವ ಮೊದಲೇ, ಆ ವರ್ಷದ ಡಿಸೆಂಬರ್ 5ರಂದು, 35ನೇ ವಯಸ್ಸಿನಲ್ಲಿ ಮೊಜಾರ್ಟ್ ತೀರಿಕೊಂಡ. ಇವತ್ತು ಜಗತ್ತಿನಲ್ಲಿ ಎಲ್ಲೇ ಹಾರ್ನ್ ಕಲಿಯುವ ಹುಡುಗನಾಗಲಿ ಹುಡುಗಿಯಾಗಲಿ, ಲಾಯ್ಟ್‌ಗೆಬ್‌ನ ಅಳತೆಗೆ ಹೊಲಿದ ಆ ಅಂಗಿಯನ್ನು ತೊಟ್ಟೇ ಮುಂದೆ ಹೋಗುವುದು.

ಎರಡನೆಯ ಜೋಡಿ. ಬೊಹೀಮಿಯಾದಲ್ಲಿ 1746ರಲ್ಲಿ ಜೀತದ ಮನೆತನದಲ್ಲಿ ಯಾನ್ ಸ್ಟಿಖ್ ಎಂಬ ಹುಡುಗ ಹುಟ್ಟಿದ. ಜಮೀನ್ದಾರ ಕೌಂಟ್ ಥುನ್ ಅವನನ್ನು ಹಾರ್ನ್ ಕಲಿಯಲು ಕಳುಹಿಸಿದ. ಆ ಕಾಲದ ಹಾರ್ನ್‌ಗೆ ಕೀಲಿ, ಕವಾಟ ಯಾವುದೂ ಇರಲಿಲ್ಲ. ಬಾಯೊಳಗೆ ಕೈ ಆಡಿಸಿ ಮಗ್ಗಿಯ ನಡುವೆ ಇಲ್ಲದ ಸ್ವರಗಳನ್ನು ತೆಗೆಯುವ ವಿದ್ಯೆಯನ್ನು ಡ್ರೆಸ್ಡನ್‌ನ ಹ್ಯಾಂಪೆಲ್‌ನಿಂದ ಅವನು ಕಲಿತ. ಕಲಿತ ಮೇಲೆ ಜಮೀನ್ದಾರನ ಮನೆಯಿಂದ ಓಡಿಹೋದ. ಹಿಡಿದು ತನ್ನಿ, ಸಿಗದಿದ್ದರೆ ಮುಂದಿನ ಹಲ್ಲುಗಳನ್ನಾದರೂ ಮುರಿದು ಬನ್ನಿ ಎಂದು ಥುನ್ ಆಳುಗಳನ್ನು ಅಟ್ಟಿದನೆಂದು ಕಥೆ ಹೇಳುತ್ತಾರೆ. ಹಾರ್ನ್ ಊದುವವನಿಗೆ ಮುಂದಿನ ಹಲ್ಲೇ ಅನ್ನ. ಅವನು ಸಿಗಲಿಲ್ಲ. ಜೊವಾನಿ ಪುಂಟೊ ಎಂದು ಹೆಸರು ಬದಲಿಸಿಕೊಂಡು ಯೂರೋಪನ್ನೆಲ್ಲ ಗೆದ್ದ.

1800ರ ಏಪ್ರಿಲ್ 18ರಂದು ವಿಯೆನ್ನಾದಲ್ಲಿ ಅವನ ಕಛೇರಿ. ಅದಕ್ಕಾಗಿ ಹಾರ್ನ್ ಮತ್ತು ಪಿಯಾನೊಗೆ ಆತುರಾತುರವಾಗಿ ಒಂದು ಸೊನಾಟ ಬರೆದುಕೊಟ್ಟವನು, ತಾನೇ ಪಿಯಾನೊಗೆ ಕುಳಿತವನು ಬೀಥೋವನ್, ಆಗಿನ್ನೂ 29 ವರ್ಷದವನು. ಮುಂದಿನ ತಿಂಗಳು ಇಬ್ಬರೂ ಹಂಗೇರಿಯ ಪೆಸ್ಟ್ ಪಟ್ಟಣದಲ್ಲಿ ನುಡಿಸಿದಾಗ ಅಲ್ಲಿನ ಪತ್ರಿಕೆ, ಪುಂಟೊ ಗೊತ್ತು, ಈ ಬೀಥೋವನ್ ಯಾರು ಎಂದು ಕೇಳಿತಂತೆ! ಇವತ್ತು ಪ್ರಶ್ನೆ ತಿರುಗಾಮುರುಗಾ ಆಗಿದೆ. ಪುಂಟೊನ ಹೆಸರು ಅನೇಕರ ಬಾಯಲ್ಲಿ ಉಳಿದಿರುವುದೇ ಬೀಥೋವನ್ ಬರೆದ ಆ ಒಂದು ಸೊನಾಟದಿಂದ. ಜೊತೆಯಲ್ಲಿ ಕೆಲಸ ಮಾಡುವಾಗ ಇಬ್ಬರಲ್ಲಿ ಯಾರು ದೊಡ್ಡವರಾಗುತ್ತಾರೆ ಎಂಬುದು ಆಗ ಗೊತ್ತಿರುವುದಿಲ್ಲ.

ಮೂರನೆಯ ಜೋಡಿಯಲ್ಲಿ ಸ್ನೇಹವಿಲ್ಲ, ಜಗಳವಿದೆ. ಜರ್ಮನಿಯ ಮ್ಯೂನಿಕ್ ಆಸ್ಥಾನದ ಒಪೆರಾದಲ್ಲಿ 40 ವರ್ಷಕ್ಕೂ ಹೆಚ್ಚು ಕಾಲ ಹಾರ್ನ್ ಊದಿದವನು ಫ್ರಾನ್ಸ್ ಸ್ಟ್ರಾಸ್. ಅವನಿಗೆ ವಾಗ್ನರ್ ಎಂಬ ಸಂಗೀತ ರಚನಕಾರನನ್ನು ಕಂಡರೆ ಆಗದು, ಅವನ ಸಂಗೀತವಂತೂ ಸುತರಾಂ ಆಗದು. ಆದರೂ 1865ರಲ್ಲಿ ‘ಟ್ರಿಸ್ಟಾನ್’, 1868ರಲ್ಲಿ ‘ಮೈಸ್ಟರ್‌ಸಿಂಗರ್’ ಮೊದಲ ಸಲ ರಂಗಕ್ಕೆ ಬಂದಾಗ ಹಾರ್ನ್ ಊದಿದವನು ಇವನೇ. ಬಾಯಿ ತುಂಬ ಬೈಯುತ್ತಿದ್ದ, ತುಟಿ ಇಟ್ಟರೆ ಒಂದು ಸ್ವರವನ್ನೂ ಕೆಡಿಸುತ್ತಿರಲಿಲ್ಲ. ಈ ಮನುಷ್ಯನನ್ನು ಸಹಿಸಲಾಗದು, ಆದರೆ ಅವನು ಊದತೊಡಗಿದರೆ ಸಿಟ್ಟು ಮಾಡಲೂ ಆಗದು ಎಂದು ವಾಗ್ನರ್ ಹೇಳುತ್ತಿದ್ದನಂತೆ. 1883ರಲ್ಲಿ ವಾಗ್ನರ್ ತೀರಿಕೊಂಡಾಗ ಇಡೀ ವೃಂದ ಎದ್ದು ನಿಂತು ಗೌರವ ಸಲ್ಲಿಸಿದರೆ ಇವನೊಬ್ಬ ಕುಳಿತೇ ಇದ್ದನೆಂದು ಪ್ರತೀತಿ. ಅಷ್ಟು ಹಟಮಾರಿ. ಆದರೆ ಹಟವನ್ನು ಕೆಲಸದೊಳಗೆ ತರಲಿಲ್ಲ.

ಈ ಫ್ರಾನ್ಸ್‌ನ ಮಗನೇ ರಿಚರ್ಡ್ ಸ್ಟ್ರಾಸ್, ಹುಟ್ಟಿದ್ದು 1864ರಲ್ಲಿ. ಅಪ್ಪ ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳುತ್ತಲೇ ಬೆಳೆದವನು. ಹದಿನೆಂಟರ ವಯಸ್ಸಿನಲ್ಲಿ ತನ್ನ ಮೊದಲ ಹಾರ್ನ್ ಕಾನ್ಸರ್ಟೊ ಬರೆದ. ಎರಡನೆಯದನ್ನು ಬರೆದದ್ದು 1942ರಲ್ಲಿ, 78ರ ಮುದುಕನಾಗಿ. ನಡುವೆ 60 ವರ್ಷ! ಅಪ್ಪ ತೀರಿಕೊಂಡೇ 37 ವರ್ಷವಾಗಿತ್ತು. ಮನೆಯಲ್ಲಿ ಕಿವಿಗೆ ಬಿದ್ದದ್ದು ಎಷ್ಟು ದೂರ ಬರುತ್ತದೆ ನೋಡಿ. ತಾಯಿತಂದೆಯರು ಇದನ್ನು ಗಮನಿಸಬೇಕು.

ನಾಲ್ಕನೆಯ ಜೋಡಿ, ನೀರಿನ ಪೈಪು ಊದಿದ ಡೆನಿಸ್ ಬ್ರೇನ್‌ನದು. 1921ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಾತ ಹಾರ್ನ್ ವಾದಕ, ದೊಡ್ಡಪ್ಪ ಹಾರ್ನ್ ವಾದಕ, ತಂದೆ ಆಬ್ರಿ ಬ್ರೇನ್ ಬಿಬಿಸಿ ವಾದ್ಯವೃಂದದ ಪ್ರಧಾನ ಹಾರ್ನ್ ವಾದಕ, ಅವನ ಗುರು ಕೂಡ. ಎರಡನೇ ಮಹಾಯುದ್ಧ ಬಂದಾಗ ವಾಯುಪಡೆಯ ಬ್ಯಾಂಡಿಗೆ ಸೇರಿದ. ಅಲ್ಲಿದ್ದಾಗಲೇ, ಯುದ್ಧಕಾಲದ ರೇಡಿಯೊ ಕಾರ್ಯಕ್ರಮಗಳ ಕೆಲಸದಲ್ಲಿ, ಬೆಂಜಮಿನ್ ಬ್ರಿಟನ್ ಎಂಬ ರಚನಕಾರನ ಕಣ್ಣಿಗೆ ಬಿದ್ದ. ಬ್ರಿಟನ್ ಅವನಿಗಾಗಿ, ಮತ್ತು ಪೀಟರ್ ಪಿಯರ್ಸ್ ಎಂಬ ಗಾಯಕನಿಗಾಗಿ, ‘ಸೆರೆನೇಡ್’ ಎಂಬ ಕೃತಿ ಬರೆದ. 1943ರ ಅಕ್ಟೋಬರ್ 15ರಂದು ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಅದರ ಮೊದಲ ಪ್ರದರ್ಶನ. ಬ್ರೇನ್‌ಗೆ 22, ಬ್ರಿಟನ್‌ಗೆ ಇನ್ನೂ 30 ತುಂಬಿರಲಿಲ್ಲ.

ಆ ಕೃತಿಯ ಕಟ್ಟಡ ನೋಡಿದರೆ ಎಂಜಿನಿಯರನಾದ ನನಗೆ ಖುಷಿಯಾಗುತ್ತದೆ. ಆದಿಯಲ್ಲೂ ಅಂತ್ಯದಲ್ಲೂ ಹಾರ್ನ್ ಒಂದೇ. ಆ ಎರಡು ಭಾಗಗಳಲ್ಲಿ ಕವಾಟಗಳನ್ನು ಮುಟ್ಟದೆ, ನಾನು ಹೇಳಿದ ಮಗ್ಗಿಯ ಸ್ವರಗಳನ್ನಷ್ಟೇ ಊದಬೇಕು. ಅವುಗಳಲ್ಲಿ ಕೆಲವು ನಮ್ಮ ರೂಢಿಯ ಕಿವಿಗೆ ಚೂರು ಓರೆಯಾಗಿ ಕೇಳುತ್ತವೆ; ಅದು ಬೇಕೆಂದೇ ಮಾಡಿದ್ದು. ಅಂತ್ಯದ ಭಾಗವನ್ನು ತೆರೆಯ ಮರೆಯಿಂದ, ದೂರದಿಂದ ಬಂದಂತೆ ನುಡಿಸಬೇಕು. ಅದಕ್ಕೆ ವಾದಕ ವೇದಿಕೆಯಿಂದ ಎದ್ದು ಹೋಗಬೇಕಲ್ಲ? ಅದರ ಹಿಂದಿನ ಹಾಡಿನಲ್ಲಿ ಬ್ರಿಟನ್ ಹಾರ್ನ್‌ಗೆ ಕೆಲಸವನ್ನೇ ಕೊಟ್ಟಿಲ್ಲ! ನುಡಿಸುವವನ ತುಟಿ, ಉಸಿರು, ಅವನು ನಡೆದುಹೋಗಲು ಬೇಕಾದ ಸಮಯ, ಎಲ್ಲವೂ ಬರವಣಿಗೆಯೊಳಗೆ ಇದೆ. ಬ್ರೇನ್ ಪಕ್ಕದಲ್ಲಿ ಕುಳಿತು, ಇದು ಆಗುತ್ತದೆ, ಇದು ಹೀಗಿದ್ದರೆ ಇನ್ನೂ ಚೆಂದ ಎಂದು ಹೇಳುತ್ತಿದ್ದ. ಬ್ರಿಟನ್ ಆ ಉಪಕಾರವನ್ನು ಮುಂದೆ ಬರೆದು ಸ್ಮರಿಸಿದ. ಹಿಂದೆ ಕುಳಿತವನನ್ನು ಮುಂದಕ್ಕೆ ಕರೆದು, ನಿನ್ನಿಂದ ಏನಾಗುತ್ತದೆ ಎಂದು ಕೇಳಿ ಬರೆದದ್ದು. ಇಂಗ್ಲಿಷ್ ಸಂಗೀತದಲ್ಲಿ ಹಾರ್ನ್‌ನ ಸ್ಥಾನವೇ ಅದರಿಂದ ಬದಲಾಯಿತು.

ಇನ್ನು ಐದನೆಯ ಜೊತೆಗಾರ. ಅವರು ನಮ್ಮವರು. ಈ ಹೆಸರು ಸಿಕ್ಕಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಯುದ್ಧ ಮುಗಿದ 1945ರಲ್ಲಿ ವಾಲ್ಟರ್ ಲೆಗ್ ಎಂಬಾತ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ. ಅದರ ಪ್ರಧಾನ ಹಾರ್ನ್ ವಾದಕ ಡೆನಿಸ್ ಬ್ರೇನ್. 1948ರಲ್ಲಿ ಆ ವೃಂದದ ಕಛೇರಿ ಸಂಘ ಆರಂಭವಾದಾಗ ಅದರ ಮೊದಲ ಅಧ್ಯಕ್ಷರು ಯಾರು ಗೊತ್ತೇ? ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಅವರೇ. ಪಿಯಾನೊವನ್ನೂ ಬಲ್ಲವರು.

ಫ್ರಾನ್ಸ್‌ನ ಮಗ ರಿಚರ್ಡ್ ಸ್ಟ್ರಾಸ್ 1948ರಲ್ಲಿ, 84ನೇ ವಯಸ್ಸಿನಲ್ಲಿ, ಗಾಯಕಿ ಮತ್ತು ವಾದ್ಯವೃಂದಕ್ಕಾಗಿ ಹಾಡುಗಳನ್ನು ಬರೆದಿದ್ದ. ಅವುಗಳಲ್ಲಿ ‘ಸೆಪ್ಟೆಂಬರ್’ ಎಂಬ ಹಾಡು ಮುಗಿಯುವಾಗ ಗಾಯಕಿ ಸುಮ್ಮನಾಗುತ್ತಾಳೆ, ಹಾರ್ನ್ ಹಾಡುತ್ತದೆ. ಅಪ್ಪನ ವಾದ್ಯ. ಮರುವರ್ಷ ಸ್ಟ್ರಾಸ್ ತೀರಿಕೊಂಡ, ಹಾಡುಗಳನ್ನು ಕೇಳದೆಯೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಸಲ ಹಾಡಿದಳು. ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಆ ಕಛೇರಿ ನಡೆಯಲೆಂದು 4,800 ಡಾಲರ್ ಹೊಣೆ ಹೊತ್ತವರು ನಮ್ಮ ಮಹಾರಾಜರು. ಹೊಣೆ ಅಂದರೆ ಗ್ಯಾರಂಟಿ: ಧೈರ್ಯವಾಗಿ ಮಾಡಿ, ನಷ್ಟವಾದರೆ ನಾನಿದ್ದೇನೆ ಎನ್ನುವ ಮಾತು. ಅವರಿಗೆ ಆಗ 30 ವರ್ಷ. ಅಂದಿನ ಧ್ವನಿಮುದ್ರಣ ಹಡಗು ಹತ್ತಿ ಮೈಸೂರಿಗೆ ಬಂತು. ಜರ್ಮನಿಯ ಒಬ್ಬ ಹಾರ್ನ್ ವಾದಕನ ಮನೆಯಲ್ಲಿ ಹುಟ್ಟಿದ ನಾದಕ್ಕೆ ಕೊನೆಗೆ ಹೆಗಲು ಕೊಟ್ಟದ್ದು ನಮ್ಮ ಸೀಮೆ.

ಡೆನಿಸ್ ಬ್ರೇನ್ 1953ರಲ್ಲಿ ಮೊಜಾರ್ಟ್‌ನ ನಾಲ್ಕೂ ಹಾರ್ನ್ ಕಾನ್ಸರ್ಟೊಗಳನ್ನು ಕಾರಾಯನ್ ನಿರ್ದೇಶನದಲ್ಲಿ ಮುದ್ರಿಸಿದ. ಮೊಬೈಲ್ ಇರುವವರು ಇವತ್ತೇ ಕೇಳಬಹುದು. 1957ರ ಸೆಪ್ಟೆಂಬರ್ 1ರಂದು ಎಡಿನ್‌ಬರೋ ಉತ್ಸವ ಮುಗಿಸಿ ರಾತ್ರಿಯಿಡೀ ಕಾರು ಓಡಿಸಿಕೊಂಡು ಲಂಡನ್ನಿಗೆ ಮರಳುವಾಗ, ಊರು ಇನ್ನೇನು ಸಿಕ್ಕಿತು ಅನ್ನುವಾಗ, ಕಾರು ಮರಕ್ಕೆ ಬಡಿಯಿತು. 36 ವರ್ಷ. ಇಲ್ಲಿ ಕುಳಿತಿರುವ ನಮ್ಮ ಬ್ಯಾಚಿನವರ ವಯಸ್ಸು. ಫ್ರಾನ್ಸಿನ ಪುಲಾಂಕ್ ಅವನ ನೆನಪಿಗೆ ಹಾರ್ನ್ ಮತ್ತು ಪಿಯಾನೊಗೆ ಒಂದು ಶೋಕಗೀತ ಬರೆದ. ಆಯಸ್ಸು ಕಡಿಮೆಯಾಯಿತು, ಆದರೆ ಅವನ ಜೊತೆ ಕುಳಿತು ಬರೆದದ್ದನ್ನೆಲ್ಲ ಇವತ್ತು ಬೇರೆ ಬೇರೆ ದೇಶದ ಮಕ್ಕಳು ನುಡಿಸುತ್ತಿದ್ದಾರೆ.

ಈಗ ನಮ್ಮ ಶಾಲೆಗೆ ಬರೋಣ. ಈ ಸ್ಮರಣ ಸಂಚಿಕೆಯಲ್ಲಿ 50 ವರ್ಷಗಳಲ್ಲಿ ಮೊದಲ ಸ್ಥಾನ ಪಡೆದವರ ಪಟ್ಟಿ ಇದೆ. ಒಳ್ಳೆಯದೇ. ಆದರೆ ಎಸ್ಸೆಸ್ಸೆಲ್ಸಿ ಆದಮೇಲೆ ಕಾಲೇಜಿನ ಬಸ್ ಚಾರ್ಜಿಗೆ ಗತಿಯಿಲ್ಲದೆ ನಿಂತವರ ಪಟ್ಟಿ ಎಲ್ಲೂ ಇಲ್ಲ. ನಮ್ಮ ನಮ್ಮ ಬ್ಯಾಚಿನಲ್ಲಿ ಅಂಥವರು ಎಷ್ಟು ಜನ ಎಂದು ನಮಗೆ ಗೊತ್ತು. ಅವರಲ್ಲಿ ಶಕ್ತಿ ಕಡಿಮೆ ಇರಲಿಲ್ಲ, ಜೊತೆ ಇರಲಿಲ್ಲ. ನಿನ್ನೆ ಸಂಜೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಇದೇ ವೇದಿಕೆಯಲ್ಲಿ ತಮಟೆ ಬಾರಿಸಿದ. ಎಲ್ಲರೂ ಶಿಳ್ಳೆ ಹಾಕಿದೆವು. ಇನ್ನು ಎರಡು ವರ್ಷಕ್ಕೆ ಅವನು ಎಲ್ಲಿರುತ್ತಾನೆ? ಗಣಿತದಲ್ಲಿ ಚುರುಕಾಗಿರುವ, ಆದರೆ ಬೆಳಿಗ್ಗೆ ಹಾಲು ಹಾಕಿ ಬಂದು ಕೊನೆಯ ಬೆಂಚಿನಲ್ಲಿ ತೂಕಡಿಸುವ ಹುಡುಗಿ ಎಲ್ಲಿರುತ್ತಾಳೆ?

ಸಮಿತಿಯಲ್ಲಿ ಉಳಿದ ಹಣಕ್ಕೆ ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಮಾನು ಬೇಡ ಎನ್ನಲು ನಾನು ಬಂದಿಲ್ಲ, ಅದು ಊರಿನ ಆಸೆ. ಆದರೆ ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ. ಒಂದು ಮಗುವಿಗೆ ಒಬ್ಬ ಹಳೆಯ ವಿದ್ಯಾರ್ಥಿ ಹೊಣೆ, ಹತ್ತನೆಯದಾದ ಮೇಲೆ ಎರಡು ವರ್ಷ. ಬಸ್ಸಿನ ಪಾಸು, ಪುಸ್ತಕ, ಕಾಲೇಜಿನ ಅರ್ಜಿ, ತಿಂಗಳಿಗೊಂದು ಫೋನು. ಮಹಾರಾಜರಂತೆ ನಾನಿದ್ದೇನೆ ಎಂದರೆ ಸಾಕು. ಆದರೆ ಬ್ರಿಟನ್‌ನಂತೆ ಮೊದಲು ಮಗುವನ್ನು ಕೇಳಬೇಕು: ನಿನಗೆ ಏನು ಬರುತ್ತದೆ, ಏನು ಬೇಕು? ಎಲ್ಲರನ್ನೂ ನನ್ನ ಹಾಗೆ ಎಂಜಿನಿಯರ್ ಮಾಡುವ ಹಟ ಬೇಡ. ಒಂದು ಮಗು ನಡುವೆ ಸೋತರೆ, ಮೊಜಾರ್ಟ್ ಮಾಡಿದಂತೆ ಅದರ ಶಕ್ತಿಗೆ ತಕ್ಕ ದಾರಿ ಹುಡುಕಬೇಕು, ಕೈಬಿಡಬಾರದು. ಊರಲ್ಲಿ ಪಕ್ಷ ಇದೆ, ಕೇರಿ ಇದೆ, ಹಳೆಯ ಮುನಿಸುಗಳಿವೆ. ಇರಲಿ. ಫ್ರಾನ್ಸ್ ಸ್ಟ್ರಾಸ್ ಕೂಡ ಬೈಯುತ್ತಲೇ ಇದ್ದ. ಶಾಲೆಯ ಕೆಲಸಕ್ಕೆ ಕುಳಿತಾಗ ಮಾತ್ರ ಸ್ವರ ಕೆಡಿಸುವುದು ಬೇಡ.

ನಮ್ಮ ಬ್ಯಾಚಿನ ಏಳು ಜನ ಈಗಾಗಲೇ ಒಪ್ಪಿದ್ದೇವೆ. ಈ ವರ್ಷ ಹತ್ತನೆಯ ತರಗತಿಯಲ್ಲಿರುವವರು 38 ಮಕ್ಕಳು. ಹಾಗಾಗಿ ಇನ್ನೂ 31 ಜನ ಬೇಕು. ಊಟದ ಪೆಂಡಾಲಿನ ಪಕ್ಕದಲ್ಲಿ ಒಂದು ಮೇಜು, ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಊಟಕ್ಕೆ ಮೊದಲೋ ಆಮೇಲೋ, ಒಂದು ನಿಮಿಷ ಬಂದು ಹೆಸರು ಬರೆದು ಹೋಗಿ. ದೊಡ್ಡ ಸಂಬಳದವರೇ ಆಗಬೇಕಿಲ್ಲ. ಊರಲ್ಲೇ ಇರುವವರು, ಮಗುವಿನ ಮನೆಗೆ ನಡೆದು ಹೋಗಬಲ್ಲವರು ನಮಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.